ನೌಕರರಿಗೆ ಮನೋಪರೀಕ್ಷೆ ನಡೆಸುವವರಿಗೆ ಕಟ್ಟಳೆ ಯಾವುದು? ಯುರೋಪಿನ ಕ್ರಮ ಬಲ್ಲವರು ತಿಳಿಸಬೇಕಾಗಿ ವಿನಂತಿ

ಪ್ರಶ್ನೆ: ಬದಿಯಡ್ಕದವಳು

ಎಲ್ಲರಿಗೂ ನಮಸ್ಕಾರ. ಮನೋವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ ಮಂಗಳೂರಿನ ಒಂದು ಸಂಸ್ಥೆಯ ಎಚ್.ಆರ್. ವಿಭಾಗದಲ್ಲಿ ನಾಲ್ಕು ವರ್ಷ ದುಡಿದ ನಾನು ಕಳೆದ ವರ್ಷ ಊರಿಗೆ ಮರಳಿದ್ದೇನೆ. ಈಗ ಕಾಸರಗೋಡಿನ ಆಸುಪಾಸಿನ ಸಣ್ಣ ಉದ್ದಿಮೆಗಳಿಗೆ ನೌಕರರ ಆಯ್ಕೆ, ತರಬೇತಿಗಳ ವಿಷಯದಲ್ಲಿ ಸಲಹೆ ಕೊಡುವ ಕೆಲಸ ಮಾಡುತ್ತಿದ್ದೇನೆ. ಒಂದು ಇಕ್ಕಟ್ಟಿನಲ್ಲಿ ಸಿಲುಕಿರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಎರಡು ತಿಂಗಳ ಹಿಂದೆ ಒಂದು ಗೇರುಬೀಜ ಕಾರ್ಖಾನೆಯವರು ಕರೆಸಿದರು. ಗ್ರೇಡಿಂಗ್ ವಿಭಾಗದಲ್ಲಿರುವ ಅರುವತ್ತರಷ್ಟು ಹೆಂಗಸರಲ್ಲಿ ನಾಲ್ವರನ್ನು ಮೇಲ್ವಿಚಾರಕಿಯರನ್ನಾಗಿ ಆರಿಸಬೇಕಾಗಿದೆ, ಅದಕ್ಕಾಗಿ ಒಂದು ವ್ಯಕ್ತಿತ್ವ ಪರೀಕ್ಷೆಯನ್ನು ಹಣ ಕೊಟ್ಟು ತರಿಸಿದ್ದೇವೆ, ನೀವು ನಡೆಸಿಕೊಟ್ಟರೆ ಸಾಕು ಎಂದರು. ಪರೀಕ್ಷೆ ಇಂಗ್ಲಿಷಿನದು. ಕಚೇರಿಯ ಗುಮಾಸ್ತರೊಬ್ಬರು ಅದನ್ನು ಕನ್ನಡಕ್ಕೂ ಮಲಯಾಳಕ್ಕೂ ತಿರುಗಿಸಿ ಇಟ್ಟಿದ್ದರು. ನಾನು ಮೊದಲು ಆರು ಮಂದಿಯನ್ನು ಕೂರಿಸಿ ಪ್ರಯೋಗ ಮಾಡಿ ನೋಡಿದೆ. ‘ನನಗೆ ಪಾರ್ಟಿಗಳಲ್ಲಿ ಬೆರೆಯುವುದು ಇಷ್ಟ’ ಎಂಬ ವಾಕ್ಯ ಬಂದಾಗ ಇಬ್ಬರು ಪೆನ್ನು ಕೆಳಗಿಟ್ಟರು. ಅವರಲ್ಲಿ ಹಿರಿಯರಾದವರು ತಗ್ಗಿದ ದನಿಯಲ್ಲಿ, “ಯಾವ ಪಾರ್ಟಿ ಟೀಚರೇ? ಅದನ್ನೆಲ್ಲ ಇವರಿಗೆ ಬರೆದು ಕೊಡುವುದು ಯಾಕೆ?” ಎಂದು ಕೇಳಿದರು. ನಮ್ಮ ಕಡೆ ಪಾರ್ಟಿ ಎಂದರೆ ಬಾವುಟ ಹಿಡಿದ ಪಾರ್ಟಿ ಎಂಬುದು ನಿಮಗೆಲ್ಲ ಗೊತ್ತಿರುವಂಥದ್ದೇ. ಅದೇ ಹಿರಿಯರು ಅರ್ಧ ಗಂಟೆಯ ಮೊದಲು ನನ್ನೊಡನೆ ಮಾತನಾಡುತ್ತಲೇ, ಮೇಜಿನ ಮೇಲೆ ಹರಡಿದ್ದ ತಿರುಳುಗಳಲ್ಲಿ 240ರ ಗ್ರೇಡಿನದನ್ನೂ 320ರದ್ದನ್ನೂ, ಅಂದರೆ ಒಂದು ಪೌಂಡಿಗೆ ಹೆಚ್ಚೆಂದರೆ ಅಷ್ಟು ತೂಗುವ ತಿರುಳುಗಳನ್ನು, ಬೆರಳ ತುದಿಯಿಂದಲೇ ಬೇರೆ ಮಾಡುತ್ತಿದ್ದರು. ಕಾಗದದ ಮೇಲೆ ‘ನಿರ್ಣಯ ತೆಗೆದುಕೊಳ್ಳುವ ಸಾಮರ್ಥ್ಯ’ದಲ್ಲಿ ಅವರಿಗೆ ಬಂದದ್ದು ಆರು ಮಂದಿಯಲ್ಲೇ ಅತಿ ಕಡಿಮೆ ಅಂಕ.

ಇಷ್ಟಾದ ಮೇಲೆ ಆಡಳಿತದವರು ಇನ್ನೊಂದು ಬೇಡಿಕೆ ಇಟ್ಟರು. ಅರುವತ್ತೂ ಮಂದಿಯ ಅಂಕಗಳನ್ನು ಹೆಸರು ಸಮೇತ ಕೊಡಬೇಕು, ‘ತಕರಾರಿನ ಸ್ವಭಾವ’ ಇರುವವರ ಹೆಸರಿನ ಮುಂದೆ ಗುರುತು ಹಾಕಬೇಕು ಎಂದು. ನಾನು ಒಪ್ಪಲೂ ಇಲ್ಲ, ನಿರಾಕರಿಸಲೂ ಇಲ್ಲ. ಸಮಯ ಕೇಳಿ ಬಂದಿದ್ದೇನೆ. ಒಲ್ಲೆ ಎನ್ನಲು ಏನನ್ನು ತೋರಿಸಲಿ? ನಮ್ಮಲ್ಲಿ 1992ರ ಪುನರ್ವಸತಿ ಪರಿಷತ್ತಿನ ಕಾಯ್ದೆ ಚಿಕಿತ್ಸಾ ಮನೋವಿಜ್ಞಾನಿಗಳ ನೋಂದಣಿಯನ್ನು ನೋಡಿಕೊಳ್ಳುತ್ತದೆ. 2021ರ ಕಾಯ್ದೆ ಆರೋಗ್ಯ ಕ್ಷೇತ್ರದ ಪೂರಕ ವೃತ್ತಿಗಳನ್ನು ಕುರಿತದ್ದು. ಕಾರ್ಖಾನೆಯಲ್ಲಿ ಬಡ್ತಿಗೆಂದು ಪರೀಕ್ಷೆ ನಡೆಸುವವಳ ಅರ್ಹತೆ ಏನಿರಬೇಕು, ಅವಳು ಯಾರಿಗೆ ಉತ್ತರ ಹೇಳಬೇಕು ಎಂಬುದನ್ನು ನಾನು ಈ ಎರಡರಲ್ಲೂ ಕಾಣಲಿಲ್ಲ. ಯುರೋಪಿನಲ್ಲಿ ಉದ್ಯೋಗ ಮತ್ತು ಸಂಘಟನಾ ಮನೋವಿಜ್ಞಾನವೆಂಬುದು ಪ್ರತ್ಯೇಕ ವೃತ್ತಿಯಾಗಿ ಬೆಳೆದಿದೆ, ಹಲವು ದೇಶಗಳವರು ಸೇರಿ ಅದಕ್ಕೊಂದು ಮಟ್ಟ ಗೊತ್ತುಮಾಡಿದ್ದಾರೆ ಎಂದು ಓದಿದ್ದೇನೆ. ಅದು ನಡೆಯುವ ಬಗೆ ಹೇಗೆ, ‘ಯೂರೋಸೈ’ ಎಂಬ ಪ್ರಮಾಣಪತ್ರ ನನ್ನಂಥವಳಿಗೆ ಸಿಗುವಂಥದ್ದೇ, ಅಲ್ಲಿನ ಕಟ್ಟಳೆಯನ್ನು ಇಲ್ಲಿ ಆಧಾರವಾಗಿ ಹಿಡಿಯಬಹುದೇ? ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ 1: ಪೆರ್ಲದಿಂದ ಹೊರಟವನು

ಮೇಡಂ, ನಮಸ್ಕಾರ. ಈ ವಿಷಯದಲ್ಲಿ ವಲೆನ್ಸಿಯಾ, ಬೊಲೊನ್ಯಾ, ಕುಯಿಂಬ್ರಾ, ಬಾರ್ಸಿಲೋನಾ ವಿಶ್ವವಿದ್ಯಾಲಯಗಳು ಕೂಡಿ ನಡೆಸುವ ಎರಾಸ್ಮಸ್ ಮುಂಡಸ್ ಸ್ನಾತಕೋತ್ತರ ಶಿಕ್ಷಣ ಪಡೆದವನು ನಾನು. ಆದುದರಿಂದ ತುಸು ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಒಂದು ತಪ್ಪು ಕಲ್ಪನೆಯನ್ನು ತೆಗೆದುಬಿಡೋಣ. ಇಡೀ ಯುರೋಪಿಗೆ ಅನ್ವಯಿಸುವ ಒಂದೇ ಮನೋವಿಜ್ಞಾನಿ ಕಾಯ್ದೆ ಅಲ್ಲಿಯೂ ಇಲ್ಲ. ಬ್ರಿಟನ್ನಿನಲ್ಲಿ ‘ಆಕ್ಯುಪೇಶನಲ್ ಸೈಕಾಲಜಿಸ್ಟ್’ ಎಂಬ ಹೆಸರಿಗೇ 2009ರಿಂದ ಕಾನೂನಿನ ರಕ್ಷಣೆ ಇದ್ದು, ನೋಂದಣಿ ಇಲ್ಲದವರು ಹಾಗೆ ಹೇಳಿಕೊಳ್ಳುವುದು ಅಪರಾಧ. ಬೇರೆ ದೇಶಗಳಲ್ಲಿ ಬೇರೆ ಬೇರೆ ರೀತಿ. ಹೀಗಿರುವಾಗ ಒಂದು ದೇಶದಲ್ಲಿ ಕಲಿತವರು ಇನ್ನೊಂದು ದೇಶಕ್ಕೆ ಹೋದರೆ ಅವರ ಯೋಗ್ಯತೆಯನ್ನು ಅಳೆಯುವುದು ಹೇಗೆಂಬ ಪ್ರಶ್ನೆಯಿಂದಲೇ ಈ ಸಹಕಾರವೆಲ್ಲ ಬೆಳೆದದ್ದು. ವಿವಿಧ ದೇಶಗಳ ಮನೋವಿಜ್ಞಾನಿಗಳ ಸಂಘಗಳು 1981ರಲ್ಲಿ ಒಂದು ಒಕ್ಕೂಟ ಕಟ್ಟಿಕೊಂಡವು. ಅದೇ ಇಂದಿನ ಇಎಫ್‌ಪಿಎ. ಮೂವತ್ತಕ್ಕೂ ಹೆಚ್ಚು ರಾಷ್ಟ್ರೀಯ ಸಂಘಗಳು ಅದರಲ್ಲಿವೆ. ನಮ್ಮ ಶಾಖೆಗೇ ಮೀಸಲಾದ ಸಂಘ ಇಎಡಬ್ಲ್ಯೂಒಪಿ 1991ರಲ್ಲಿ ಹುಟ್ಟಿತು. ಅದು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಮಹಾಸಮ್ಮೇಳನ ನಡೆಸುತ್ತದೆ, ಸಂಶೋಧಕರು ಮತ್ತು ಕ್ಷೇತ್ರದಲ್ಲಿ ಕೆಲಸ ಮಾಡುವವರು ಒಂದೇ ಮೇಜಿಗೆ ಬರುವಂತೆ ಸಣ್ಣ ಸಭೆಗಳನ್ನೂ ಏರ್ಪಡಿಸುತ್ತದೆ.

ಯೂರೋಸೈಯ ವಿಷಯ. 1999ರ ಬೊಲೊನ್ಯಾ ಘೋಷಣೆಗೆ 29 ದೇಶಗಳು ಸಹಿ ಹಾಕಿ ಪದವಿಗಳ ಚೌಕಟ್ಟನ್ನು ಒಂದೇ ರೀತಿ ಮಾಡಲು ಹೊರಟ ಮೇಲೆ ಇದಕ್ಕೆ ದಾರಿ ಸುಗಮವಾಯಿತು. ವಿಶ್ವವಿದ್ಯಾಲಯದಲ್ಲಿ ಐದು ವರ್ಷದ ಓದು, ಅವರ ಲೆಕ್ಕದಲ್ಲಿ 300 ಕ್ರೆಡಿಟ್. ಅದರ ಮೇಲೆ ಒಂದು ವರ್ಷ ಹಿರಿಯರೊಬ್ಬರ ನಿಗಾದಲ್ಲಿ ವೃತ್ತಿ. ಜೊತೆಗೆ ನೀತಿ ಸಂಹಿತೆಯನ್ನು ಪಾಲಿಸುತ್ತೇನೆಂಬ ಲಿಖಿತ ಒಪ್ಪಿಗೆ. ಇಷ್ಟಿದ್ದವರಿಗೆ ಆಯಾ ದೇಶದ ಸಮಿತಿ ಪ್ರಮಾಣಪತ್ರ ಕೊಡುತ್ತದೆ. ಏಳು ವರ್ಷಕ್ಕೊಮ್ಮೆ ನವೀಕರಿಸಬೇಕು. ಆಗ ಈ ನಡುವೆ ಏನು ಕೆಲಸ ಮಾಡಿದಿರಿ, ಏನು ಹೊಸದಾಗಿ ಕಲಿತಿರಿ ಎಂಬುದಕ್ಕೆ ದಾಖಲೆ ಕೇಳುತ್ತಾರೆ. ಉದ್ಯೋಗ ಮತ್ತು ಸಂಘಟನಾ ಮನೋವಿಜ್ಞಾನದ ಪರಿಣತರಿಗೆ ಇದರ ಮೇಲಿನ ಮಟ್ಟದ ವಿಶೇಷ ಪ್ರಮಾಣಪತ್ರವೂ ಇದೆ. ನಮ್ಮ ಮೂರು ವರ್ಷ ಬಿ.ಎಸ್ಸಿ., ಎರಡು ವರ್ಷ ಎಂ.ಎಸ್ಸಿ. ಸೇರಿದರೆ ವರ್ಷದ ಲೆಕ್ಕವೇನೋ ಸರಿಹೋಗುತ್ತದೆ, ಆದರೆ ಅದು ಯುರೋಪಿನ ದೇಶವೊಂದರ ಸಮಿತಿಯ ಮೂಲಕ ಬರಬೇಕಾದದ್ದು, ಬದಿಯಡ್ಕದಲ್ಲಿ ಕುಳಿತು ಕೆಲಸ ಮಾಡುವವರಿಗೆಂದು ಮಾಡಿದ್ದಲ್ಲ. ಅಲ್ಲಿಯೂ ಅದು ಪರವಾನಗಿಯಲ್ಲ. ಆಯಾ ದೇಶದ ಕಾನೂನೇ ಕೊನೆಯ ಮಾತು. ಆದ್ದರಿಂದ ನಾನಾಗಿದ್ದರೆ ಅದರ ಬೆನ್ನು ಹತ್ತುತ್ತಿರಲಿಲ್ಲ.

ಆ ವ್ಯವಸ್ಥೆಯಿಂದ ಎರಡು ಸಂಗತಿಗಳನ್ನು ಮಾತ್ರ ನೀವು ನಾಳೆಯೇ ಎತ್ತಿಕೊಳ್ಳಬಹುದು.

ಒಂದು, ಲಿಖಿತ ಒಪ್ಪಂದ. ಕೆಲಸದ ಸ್ಥಳದಲ್ಲಿ ಜನರ ಮೌಲ್ಯಮಾಪನ ನಡೆಸುವ ಸೇವೆಯ ಬಗೆಗೆ ಐಎಸ್‌ಒ 10667 ಎಂಬ ಅಂತರರಾಷ್ಟ್ರೀಯ ಮಾನಕ 2011ರಲ್ಲಿ ಬಂತು, 2020ರಲ್ಲಿ ಪರಿಷ್ಕೃತವಾಯಿತು. ಅದರ ಜಾಣತನವಿರುವುದು ಅದನ್ನು ಎರಡು ಭಾಗ ಮಾಡಿರುವುದರಲ್ಲಿ. ಒಂದು ಭಾಗ ಸೇವೆ ಕೊಡುವವರಿಗೆ, ಇನ್ನೊಂದು ಸೇವೆ ಪಡೆಯುವ ಸಂಸ್ಥೆಗೆ. ಅಂದರೆ ಹೊಣೆ ನಿಮ್ಮೊಬ್ಬರ ತಲೆಯ ಮೇಲೆ ಬೀಳುವುದಿಲ್ಲ. ಪರೀಕ್ಷೆ ಯಾವ ಉದ್ದೇಶಕ್ಕೆ, ಫಲಿತಾಂಶವನ್ನು ಯಾರು ನೋಡುತ್ತಾರೆ, ಎಷ್ಟು ಕಾಲ ಇಟ್ಟುಕೊಳ್ಳುತ್ತಾರೆ, ಪರೀಕ್ಷೆಗೆ ಕುಳಿತವರಿಗೆ ಏನು ತಿಳಿಸುತ್ತಾರೆ ಎಂಬುದೆಲ್ಲ ಪರೀಕ್ಷೆಗೆ ಮೊದಲೇ ಇಬ್ಬರೂ ಒಪ್ಪಿ ಬರೆದಿಡಬೇಕಾದವು. ‘ಬಡ್ತಿಗೆ’ ಎಂದು ಕೂರಿಸಿ ‘ತಕರಾರಿನವರನ್ನು’ ಹುಡುಕಿದರೆ ಉದ್ದೇಶವೇ ಬದಲಾದಂತೆ. ಇಎಫ್‌ಪಿಎಯ ನೀತಿ ಸಂಹಿತೆ 1995ರಲ್ಲಿ ಅಥೆನ್ಸಿನಲ್ಲಿ ಅಂಗೀಕೃತವಾಗಿ 2005ರಲ್ಲಿ ಗ್ರನಾಡಾದಲ್ಲಿ ಪರಿಷ್ಕೃತವಾಯಿತು. ಅದು ವಾಸ್ತವದಲ್ಲಿ ಸಂಹಿತೆಗಳಿಗೊಂದು ಸಂಹಿತೆ: ಸದಸ್ಯ ಸಂಘಗಳು ತಮ್ಮ ತಮ್ಮ ಸಂಹಿತೆಯನ್ನು ಅದಕ್ಕೆ ವಿರೋಧ ಬಾರದಂತೆ ಬರೆದುಕೊಳ್ಳಬೇಕು. ವ್ಯಕ್ತಿಯ ಹಕ್ಕು ಮತ್ತು ಘನತೆಗೆ ಗೌರವ, ಸಾಮರ್ಥ್ಯ, ಹೊಣೆಗಾರಿಕೆ, ಪ್ರಾಮಾಣಿಕತೆ ಎಂಬ ನಾಲ್ಕರ ಮೇಲೆ ಅದು ನಿಂತಿದೆ. ಮನೋವಿಜ್ಞಾನಿಗೂ ಎದುರಿಗಿರುವವರಿಗೂ ನಡುವೆ ತಿಳಿವಳಿಕೆಯಲ್ಲಿ, ಅಧಿಕಾರದಲ್ಲಿ ಯಾವಾಗಲೂ ಅಸಮಾನತೆ ಇರುತ್ತದೆ, ಅದು ಹೆಚ್ಚಿದಷ್ಟೂ ಮನೋವಿಜ್ಞಾನಿಯ ಹೊಣೆಯೂ ಹೆಚ್ಚುತ್ತದೆ ಎಂಬ ಅದರ ನಿಲುವು ನಿಮ್ಮ ಪ್ರಸಂಗಕ್ಕೆ ನೇರವಾಗಿ ಹೊಂದುತ್ತದೆ. ಹಣ ಕೊಡುವವರು ಆಡಳಿತದವರಾದರೂ ಆ ಆರು ಹೆಂಗಸರ ವಿಷಯದಲ್ಲಿಯೂ ನಿಮಗೆ ಕರ್ತವ್ಯವಿದೆ.

ಎರಡನೆಯದು, ನಿಗಾದಲ್ಲಿ ವೃತ್ತಿ ಎಂಬುದು. ಈ ಮಾತಿನ ಅರ್ಥ ನನಗೆ ಹೊಳೆದದ್ದು ಚಳಿಗಾಲದ ಶಿಬಿರದಲ್ಲಿ. ನಾಲ್ಕೂ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳನ್ನು ಬೆರೆಸಿ ತಂಡ ಮಾಡಿ, ಒಂದು ಸಂಸ್ಥೆಯ ಸಮಸ್ಯೆಗೆ ಪರಿಹಾರ ರೂಪಿಸಲು ಹೇಳುತ್ತಾರೆ. ನಮ್ಮ ತಂಡದಲ್ಲಿ ನಾನು ಪ್ರತಿದಿನ ಮಾರ್ಗದರ್ಶಕಿಗೆ ವರದಿ ಒಪ್ಪಿಸಿ, ಸರಿ ಎಂಬ ಮಾತಿಗೆ ಕಾಯುತ್ತಿದ್ದೆ. ನಮ್ಮ ಮೇಲ್ವಿಚಾರಕರ ಅಭ್ಯಾಸ! ನಾಲ್ಕನೆಯ ದಿನ ಅವರು ನನ್ನ ವರದಿಯನ್ನು ಓದದೆ ಮಡಿಸಿ ಬದಿಗಿಟ್ಟು, ನಿನ್ನೆ ನೀನು ಯಾವ ತೀರ್ಮಾನವನ್ನು ಅಳುಕುತ್ತ ತೆಗೆದುಕೊಂಡೆ, ಅದನ್ನು ಹೇಳು ಎಂದು ಕೇಳಿದರು. ಅಲ್ಲಿ ಆ ಪದಕ್ಕಿರುವ ಅರ್ಥ ಅದು. ಈ ಊರಿನಲ್ಲಿ ನಿಮಗೆ ಪ್ರಮಾಣಪತ್ರಕ್ಕಿಂತ ಮೊದಲು ಬೇಕಾಗಿರುವುದು ಅಂಥ ಪ್ರಶ್ನೆ ಕೇಳಬಲ್ಲ ಒಬ್ಬ ಹಿರಿಯರು.

ಉತ್ತರ 2: ಕುಂಬಳೆಯ ನಿವೃತ್ತ ಉಪನ್ಯಾಸಕ

ಪೆರ್ಲದವರು ವೃತ್ತಿಯ ಕಡೆಯಿಂದ ಬರೆದಿದ್ದಾರೆ. ನಾನು ಪರೀಕ್ಷೆಯ ಕಡೆಯಿಂದ ಒಂದೆರಡು ಮಾತು ಹೇಳುತ್ತೇನೆ, ಏಕೆಂದರೆ ಆ ‘ಪಾರ್ಟಿ’ಯ ಪ್ರಸಂಗವನ್ನು ಓದಿ ನಗುವುದೋ ಅಳುವುದೋ ತಿಳಿಯಲಿಲ್ಲ.

ಗುಮಾಸ್ತರು ತಿರುಗಿಸಿಕೊಟ್ಟ ಪರೀಕ್ಷೆಯನ್ನು ಪರೀಕ್ಷೆಯೆಂದು ಕರೆಯಲಾಗದು. ಇಂಟರ್‌ನ್ಯಾಷನಲ್ ಟೆಸ್ಟ್ ಕಮಿಷನ್ ಎಂಬ ಸಂಸ್ಥೆ ಪರೀಕ್ಷೆಗಳ ಅನುವಾದ ಮತ್ತು ಅಳವಡಿಕೆಗೆ ಮಾರ್ಗಸೂಚಿ ಹೊರತಂದಿದೆ; 2017ರದ್ದು ಅದರ ಎರಡನೆಯ ಆವೃತ್ತಿ. ಮೂಲ ಪರೀಕ್ಷೆಯ ಹಕ್ಕುದಾರರ ಅನುಮತಿ ಪಡೆಯುವುದು ಅಲ್ಲಿ ಮೊದಲ ಮೆಟ್ಟಿಲು. ಆಮೇಲೆ ಎರಡೂ ಭಾಷೆ, ಎರಡೂ ಸಂಸ್ಕೃತಿ ಬಲ್ಲವರಿಂದ ಅನುವಾದ, ಸಣ್ಣ ಗುಂಪಿನ ಮೇಲೆ ಪ್ರಯೋಗ, ಹೊಸ ಭಾಷೆಯಲ್ಲಿಯೂ ಪರೀಕ್ಷೆ ಅದನ್ನೇ ಅಳೆಯುತ್ತಿದೆಯೇ ಎಂಬುದಕ್ಕೆ ಅಂಕಿಅಂಶಗಳ ಆಧಾರ. ಇಷ್ಟು ಮಾಡಿದ ಮೇಲೆ ಆ ಭಾಷೆಯ ಜನರಿಂದಲೇ ಹೊಸ ಸರಾಸರಿಗಳನ್ನು ಕಟ್ಟಬೇಕು. ಬೇರೆಲ್ಲಿಯೋ ಕಚೇರಿ ನೌಕರರಿಂದ ಪಡೆದ ಸರಾಸರಿಗೆ ನಮ್ಮ ಗೇರುಬೀಜದ ಹೆಂಗಸರನ್ನು ಹೋಲಿಸುವುದು ಸೇರಿನಿಂದ ಬಟ್ಟೆ ಅಳೆದಂತೆ.

ನಮ್ಮಲ್ಲಿ ತೊಡಕು ಇನ್ನೂ ಒಂದು ಸುತ್ತು ಹೆಚ್ಚು. ಗ್ರೇಡಿಂಗ್ ಮೇಜಿನ ಸುತ್ತ ಕುಳಿತವರಲ್ಲಿ ಮನೆಮಾತು ತುಳು ಆದವರು, ಬ್ಯಾರಿ ಆದವರು, ಮರಾಟಿ, ಕೊಂಕಣಿ, ಮಲಯಾಳ ಆದವರು ಎಲ್ಲ ಇರುತ್ತಾರೆ. ಅವರಿಗೆ ಕನ್ನಡ ಶಾಲೆಯ ಮಾತು, ಮಲಯಾಳ ಕಚೇರಿಯ ಮಾತು. ‘ಸಂಪೂರ್ಣವಾಗಿ ಸಮ್ಮತಿಸುತ್ತೇನೆ’ ಎಂಬುದಕ್ಕೂ ‘ಸಮ್ಮತಿಸುತ್ತೇನೆ’ ಎಂಬುದಕ್ಕೂ ನಡುವಿನ ಅಂತರವನ್ನು ಅಳೆಯುವ ಹೊತ್ತಿಗೆ ಆ ಹೆಂಗಸು ಅರ್ಧ ಟಿನ್ನು ತಿರುಳು ಆರಿಸಿರುತ್ತಾಳೆ. ಸಮ್ಮತಿಯ ಮಟ್ಟವನ್ನು ಗುರುತುಮಾಡುವ ಆ ಐದು ಖಾನೆಗಳ ಮೇಲಿನ ನಂಬಿಕೆ ನನಗೆ ಪಾಠ ಮಾಡುತ್ತಿದ್ದ ಕಾಲದಲ್ಲಿಯೇ ಕಡಿಮೆಯಾಗಿತ್ತು.

ಇನ್ನು, ನಾಲ್ವರು ಮೇಲ್ವಿಚಾರಕಿಯರನ್ನು ಆರಿಸಲು ವ್ಯಕ್ತಿತ್ವ ಪರೀಕ್ಷೆಯೇ ಯಾಕೆ? ನೌಕರರ ಆಯ್ಕೆಯ ಬೇರೆ ಬೇರೆ ವಿಧಾನಗಳು ಮುಂದಿನ ಕೆಲಸದ ಗುಣವನ್ನು ಎಷ್ಟರಮಟ್ಟಿಗೆ ಸೂಚಿಸುತ್ತವೆ ಎಂಬುದನ್ನು ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಮರುಲೆಕ್ಕ ಹಾಕಿ ಪ್ರಕಟಿಸಿದರು. ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ ಮೊದಲೇ ಗೊತ್ತುಮಾಡಿದ ಅಳತೆಯಲ್ಲಿ ಅಂಕ ಕೊಡುವ ಸಂದರ್ಶನಕ್ಕೆ, ಏನೂ ಸೂಚಿಸದಿದ್ದರೆ 0, ಪೂರ್ತಿ ಸರಿಯಾಗಿ ಸೂಚಿಸಿದರೆ 1 ಎಂಬ ಲೆಕ್ಕದಲ್ಲಿ, 0.42 ಬಂದು ಅದು ಪಟ್ಟಿಯ ತಲೆಯಲ್ಲಿ ನಿಂತಿತು. ಕೆಲಸದ ಮಾದರಿಯನ್ನೇ ಮಾಡಿಸಿ ನೋಡುವುದಕ್ಕೆ 0.33, ವ್ಯಕ್ತಿತ್ವ ಪರೀಕ್ಷೆಯಲ್ಲಿನ ಕರ್ತವ್ಯನಿಷ್ಠೆಯ ಅಂಶಕ್ಕೆ 0.19. ಆ ಕಾರ್ಖಾನೆಯವರು ಹಣ ಸುರಿದದ್ದು ಕೊನೆಯದಕ್ಕೆ. ಒಂದು ಬೆಳಗ್ಗೆ ಬೋರ್ಮದಿಂದ, ಅಂದರೆ ತಿರುಳು ಒಣಗಿಸುವ ಗೂಡಿನಿಂದ, ಬಂದ ತಿರುಳಿನಲ್ಲಿ ತೇವ ಉಳಿದಿದ್ದರೆ ಏನು ಮಾಡುತ್ತೀರಿ, ಇಬ್ಬರ ನಡುವೆ ಗ್ರೇಡಿನ ಬಗ್ಗೆ ಜಗಳ ಬಂದರೆ ಹೇಗೆ ಬಿಡಿಸುತ್ತೀರಿ ಎಂದು ಅವರವರ ಮನೆಮಾತಿನಲ್ಲಿಯೇ ಕೇಳಿ ನೋಡಲಿ. ಖರ್ಚೂ ಕಡಿಮೆ.

ಉತ್ತರ 3: ಮಂಜೇಶ್ವರದ ಹಳೆಯ ನೌಕರ

ಮೇಲಿನ ಇಬ್ಬರೂ ವಿದ್ವಾಂಸರು. ನಾನು ಸಹಕಾರಿ ಸಂಘದಲ್ಲಿ ಲೆಕ್ಕ ಬರೆದು ನಿವೃತ್ತನಾದವನು, ನೌಕರರ ಸಂಘದಲ್ಲಿಯೂ ಇದ್ದವನು. ನನ್ನ ಸಂಶಯವನ್ನು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ.

ಒಪ್ಪಂದ ಎಂದಿರಿ, ಆಡಳಿತದವರು ಮತ್ತು ಮನೋವಿಜ್ಞಾನಿ, ಇಬ್ಬರೇ. ಆ ಅರುವತ್ತು ಹೆಂಗಸರು ಆ ಕಾಗದದಲ್ಲಿ ಎಲ್ಲಿದ್ದಾರೆ? ಕೆಲಸದ ಒತ್ತಡದ ಬಗ್ಗೆ 2004ರಲ್ಲಿ ಯುರೋಪಿನ ಮಾಲೀಕರ ಸಂಘಟನೆಗಳೂ ಕಾರ್ಮಿಕ ಸಂಘಗಳೂ ಎದುರುಬದುರು ಕುಳಿತು ಒಂದು ಚೌಕಟ್ಟಿನ ಒಪ್ಪಂದಕ್ಕೆ ಬಂದವು. ಸಹಕಾರ ಎಂದರೆ ನನಗೆ ಅದು, ದೇಶ ದೇಶದ ಪಂಡಿತರು ಸಮ್ಮೇಳನದಲ್ಲಿ ಸೇರುವುದಷ್ಟೇ ಅಲ್ಲ.

ನಿಮ್ಮ ಶಾಸ್ತ್ರದ ಹಿರಿಯರಿಗೂ ಇದು ಗೊತ್ತಿತ್ತು ಎಂಬುದಕ್ಕೆ ನಮ್ಮ ದೇಶದ್ದೇ ಒಂದು ಉದಾಹರಣೆ ಇದೆ. ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ 1953ರಲ್ಲಿ ಅಹಮದಾಬಾದಿನ ಕ್ಯಾಲಿಕೋ ಮಿಲ್ಲಿಗೆ ಬಂದರು. ಹೊಸ ಸ್ವಯಂಚಾಲಿತ ಮಗ್ಗ ತಂದಿದ್ದರೂ ಉತ್ಪಾದನೆ ಏರಿರಲಿಲ್ಲ. ಒಬ್ಬನಿಗೆ ನೂಲು ಕೂಡಿಸುವ ಕೆಲಸ, ಒಬ್ಬನಿಗೆ ಎಣ್ಣೆ ಹಾಕುವ ಕೆಲಸ ಎಂದು ತುಂಡು ತುಂಡು ಮಾಡಿದ್ದರಿಂದ ಯಾರೂ ಯಾರ ಜೊತೆಯವರೂ ಆಗಿರಲಿಲ್ಲ. ಒಂದಷ್ಟು ಮಗ್ಗಗಳ ಪೂರ್ತಿ ಹೊಣೆಯನ್ನು ಒಂದು ಸಣ್ಣ ಗುಂಪಿಗೆ ಕೊಟ್ಟರೆ ಹೇಗೆ ಎಂಬ ಸೂಚನೆ ಬಂದದ್ದೇ ತಡ, ಕೆಲಸಗಾರರು ತಾವಾಗಿಯೇ ಗುಂಪುಗಳನ್ನು ಕಟ್ಟಿಕೊಂಡರು. ಉತ್ಪಾದನೆ ಏರಿತು, ಹಾಳಾಗುವ ಬಟ್ಟೆ ಕಡಿಮೆಯಾಯಿತು. ಅದಕ್ಕೂ ಮೊದಲು, 1951ರಲ್ಲಿ, ಅದೇ ಸಂಸ್ಥೆಯಿಂದ ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳ ಅಧ್ಯಯನ ಪ್ರಕಟವಾಗಿತ್ತು. ಅದನ್ನು ಬರೆದ ಇಬ್ಬರಲ್ಲಿ ಕೆನ್ ಬ್ಯಾಮ್‌ಫರ್ತ್ ಸ್ವತಃ ಗಣಿಯಲ್ಲಿ ದುಡಿದವರು.

ಅಷ್ಟು ದೂರ ಹೋಗುವುದೂ ಬೇಡ. ನನ್ನ ಸೋದರಮಾವ ಕಣ್ಣೂರಿನಲ್ಲಿ ಬೀಡಿ ಕಟ್ಟುತ್ತಿದ್ದರು. 1966ರ ಬೀಡಿ ಕಾರ್ಮಿಕರ ಕಾಯ್ದೆ ಜಾರಿಗೆ ಬರುವಾಗ ಮಂಗಳೂರಿನ ಕಂಪೆನಿಗಳು ಅಲ್ಲಿನ ಶಾಖೆಗಳನ್ನು ಮುಚ್ಚಿದವು, 1969ರಲ್ಲಿ ದಿನೇಶ್ ಬೀಡಿ ಸಹಕಾರಿ ಸಂಘ ಹುಟ್ಟಿತು. ಮಾವ ಹೇಳುತ್ತಿದ್ದರು: ಎಲ್ಲರೂ ಮಡಿಲಲ್ಲಿ ಮೊರ ಇಟ್ಟುಕೊಂಡು ಕಟ್ಟುತ್ತಿರುವಾಗ ಒಬ್ಬ ಗಟ್ಟಿಯಾಗಿ ಪತ್ರಿಕೆ ಓದುತ್ತಿದ್ದ, ಅವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುತ್ತಿದ್ದರು. ಯಾರು ಚೆನ್ನಾಗಿ ಓದುತ್ತಾರೆ ಎಂದು ತೀರ್ಮಾನಿಸಲು ಅವರಿಗೆ ಪರೀಕ್ಷೆ ಬೇಕಾಗಿರಲಿಲ್ಲ. ಗ್ರೇಡಿಂಗ್ ಮೇಜಿನವರನ್ನೂ ಒಮ್ಮೆ ಕೇಳಿ ನೋಡಿ ಮಗಳೇ, ತಮ್ಮ ಮೇಲ್ವಿಚಾರಕಿ ಯಾರಾಗಬೇಕೆಂದು ಅವರಿಗೆ ಗೊತ್ತಿರಬಹುದು.

ಉತ್ತರ 4: ಪೆರ್ಲದಿಂದ ಹೊರಟವನು

ಹಿರಿಯರ ಆಕ್ಷೇಪವನ್ನು ಒಪ್ಪುತ್ತೇನೆ. 1989ರ ಯುರೋಪಿನ ಸುರಕ್ಷತಾ ನಿರ್ದೇಶನವೇ ಕೆಲಸಗಾರರನ್ನು ಕೇಳಿ, ಸೇರಿಸಿಕೊಂಡು ಮುಂದುವರಿಯಬೇಕು ಎನ್ನುತ್ತದೆ. ನಾನು ಅದನ್ನು ಬಿಟ್ಟದ್ದು ತಪ್ಪು. ಆದರೆ ಒಂದು ಎಚ್ಚರಿಕೆ. ಮೇಜಿನವರ ಬಾಯಿಮಾತಿನ ಆಯ್ಕೆಯಲ್ಲಿ ಜಾತಿ, ಊರು, ಪಾರ್ಟಿ ಎಲ್ಲ ನುಸುಳುತ್ತವೆ. ಸಮಾನ ಪ್ರಶ್ನೆಗಳ ಸಂದರ್ಶನವನ್ನು ಬಿಡಬಾರದು. ಆ ಪ್ರಶ್ನೆಗಳನ್ನು ರೂಪಿಸುವಾಗ ಮೇಜಿನವರೂ ಇರಲಿ.

ಮೇಡಂ, ಇನ್ನೊಂದು ವಿಚಾರಿಸಿ ನೋಡಿ. ಆ ಪರೀಕ್ಷೆಯ ಜೊತೆ ವಿಡಿಯೋ ತೆಗೆದು ಮುಖಭಾವ ಓದುವ ಸೌಲಭ್ಯ ಏನಾದರೂ ಇದೆಯೇ? ಈಗ ಹಾಗೆ ಮಾರುವವರಿದ್ದಾರೆ. ಕೆಲಸದ ಸ್ಥಳದಲ್ಲಿ ಯಂತ್ರದಿಂದ ಜನರ ಭಾವನೆ ಊಹಿಸುವುದನ್ನು ಯುರೋಪಿನ ಒಕ್ಕೂಟದ ಕೃತಕ ಬುದ್ಧಿಮತ್ತೆ ಕಾಯ್ದೆ, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣ ಬಿಟ್ಟು, 2025ರ ಫೆಬ್ರವರಿ 2ರಿಂದ ನಿಷೇಧಿಸಿದೆ.

ಪ್ರಶ್ನೆ ಕೇಳಿದವಳು: ಬದಿಯಡ್ಕದವಳು

ಎಲ್ಲರಿಗೂ ಕೃತಜ್ಞತೆಗಳು. ವಿಡಿಯೋ ಇರಲಿಲ್ಲ, ಅಷ್ಟರ ಮಟ್ಟಿಗೆ ಬದುಕಿದೆ.

ಕಳೆದ ವಾರ ಎರಡು ಪುಟದ ಒಂದು ಕರಡು ಒಪ್ಪಂದ ಬರೆದು ಕೊಟ್ಟೆ. ಆ ಪರೀಕ್ಷೆಯನ್ನು ಕೈಬಿಡುವುದು, ಬದಲಿಗೆ ಎಂಟು ಪ್ರಶ್ನೆಗಳ ಸಂದರ್ಶನ ಮತ್ತು ಒಂದು ಬೆಳಗಿನ ಕೆಲಸದ ಮಾದರಿ. ಪ್ರಶ್ನೆ ರೂಪಿಸುವಾಗ ಗ್ರೇಡಿಂಗಿನವರೇ ಆರಿಸಿದ ಇಬ್ಬರು ಇರುವುದು. ಅಭ್ಯರ್ಥಿ ಬಯಸಿದ ಭಾಷೆಯಲ್ಲಿ ಸಂದರ್ಶನ. ಆಯ್ಕೆಯಾಗದವರಿಗೂ ಕಾರಣವನ್ನು ಬಾಯಿಮಾತಿನಲ್ಲಿ ತಿಳಿಸುವುದು. ನಾಲ್ವರ ಹೆಸರು ಬಿಟ್ಟು ಉಳಿದವರ ಅಂಕಗಳನ್ನು ಆಡಳಿತಕ್ಕೆ ಕೊಡದಿರುವುದು. ಪ್ರಯೋಗಕ್ಕೆ ಕುಳಿತ ಆರು ಮಂದಿಯ ಉತ್ತರಪತ್ರಗಳನ್ನು ಅವರಿಗೇ ಮರಳಿಸುವುದು. ಕುಂಬಳೆಯ ಮಾಷ್ಟ್ರು ತಿಂಗಳಿಗೆ ಎರಡು ಸಲ ನನ್ನ ಕೆಲಸವನ್ನು ನೋಡಿ ಪ್ರಶ್ನೆ ಕೇಳಲು ಒಪ್ಪಿದ್ದಾರೆ. ಅದನ್ನೂ ಒಪ್ಪಂದದಲ್ಲಿ ಸೇರಿಸಿದ್ದೇನೆ, ಅವರಿಗೂ ಗೋಪ್ಯತೆಯ ಷರತ್ತು ಅನ್ವಯಿಸುವಂತೆ.

ಮ್ಯಾನೇಜರು ಕನ್ನಡಕ ಹಾಕಿಕೊಂಡು ಸಾವಕಾಶ ಓದಿದರು. ಭಾಷೆಯ ಷರತ್ತಿಗೆ ಏನೂ ಹೇಳಲಿಲ್ಲ, ಖರ್ಚು ಕಡಿಮೆಯಾಗುವುದನ್ನು ಕಂಡು ಖುಷಿಪಟ್ಟರು. ಅಂಕಗಳನ್ನು ಕೊಡುವುದಿಲ್ಲ ಎಂಬ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, “ಇದೊಂದನ್ನು ತೆಗೆದರೆ ಇವತ್ತೇ ಸಹಿ” ಎಂದರು. ತೆಗೆಯುವುದಿಲ್ಲ ಎಂದು ಹೇಳಿ ಬಂದಿದ್ದೇನೆ. ಸೋಮವಾರ ಮತ್ತೆ ಕರೆದಿದ್ದಾರೆ. ಉತ್ತರಪತ್ರಗಳನ್ನು ಮಾತ್ರ ಅಂದೇ ಮರಳಿಸಿದೆ. ಆ ಹಿರಿಯರು ತಮ್ಮದನ್ನು ನಾಲ್ಕಾಗಿ ಮಡಿಚಿ ಬುತ್ತಿಯ ಚೀಲದೊಳಗೆ ಇಟ್ಟುಕೊಂಡರು.